ಕಳಚದ ಹೂಜಿ

ಹೂಜಿ ಬೀಳಲಿಲ್ಲ.

ತಣ್ಣೀರಕ್ಕ ಬೆಸುಗೆ ತಾತನ ಅಂಗಡಿಯ ಹೊಸ್ತಿಲು ದಾಟಿ ಒಳಗೆ ನಿಂತಿದ್ದಳು. ಅವಳು ಕಾಲಿಟ್ಟದ್ದೇ ತಡ, ಮೇಜಿನ ಮೇಲೆ ಉರಿಯುತ್ತಿದ್ದ ಮಂತ್ರದ ದೀಪ ಯಾರೋ ಊದಿದ ಹಾಗೆ ಆರಿಹೋಯಿತು. ಅದು ಆರಲೇಬೇಕು, ಆರಿತು, ಸರಿ. ಆದರೆ ದೀಪದ ಹಿಂದೆ, ಗೋಡೆಗೆ ಬಡಿದ ಹಲಗೆಯ ಮೇಲೆ, ಒಡೆದ ಚೂರುಗಳನ್ನೆಲ್ಲ ಸೇರಿಸಿ ಬೆಸೆದ ಮಣ್ಣಿನ ಹೂಜಿಯೊಂದು ಕೂತಿತ್ತಲ್ಲ, ಅದು ಕಳಚಿ ಬೀಳಬೇಕಿತ್ತು. ಬೀಳಲಿಲ್ಲ. ಪಕ್ಕದ ಬಟ್ಟಲೂ ಬೀಳಲಿಲ್ಲ, ಕಾಲು ಮುರಿದು ಕೂಡಿಸಿದ್ದ ಆಟದ ಕುದುರೆಯೂ ವಾಲಲಿಲ್ಲ.

ತಣ್ಣೀರಕ್ಕನಿಗೆ ಇಂಥದ್ದು ಅಭ್ಯಾಸವಿಲ್ಲ. ಅವಳು ಹುಟ್ಟಿದ ಗಳಿಗೆಯೇ ಅಂಥದ್ದು; ಅವಳಿದ್ದ ಕೋಣೆಯಲ್ಲಿ ಯಾವ ಮಂತ್ರವೂ ನಿಲ್ಲುವುದಿಲ್ಲ. ಊರಿನವರೆಲ್ಲ ದೀಪ ಹಚ್ಚುವುದರಿಂದ ಹಿಡಿದು ಗಾಯ ಮಾಯಿಸುವವರೆಗೆ ಪ್ರತಿಯೊಂದಕ್ಕೂ ಒಂದು ಮಂತ್ರ ಇಟ್ಟುಕೊಂಡು ಸುಖವಾಗಿದ್ದರೆ, ಇವಳು ಬಂದು ಅದಕ್ಕೆಲ್ಲ ತಣ್ಣೀರೆರಚುತ್ತಿದ್ದಳು. ಹೆಸರು ಬಂದದ್ದು ಹಾಗೆ. ಅವಳು ಹೊರಟುಹೋದ ಮೇಲೆ ದೀಪಗಳೇನೋ ತಾವಾಗಿಯೇ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ಮಂತ್ರದಿಂದ ಬೆಸೆದ ಗಡಿಗೆ ಮಾತ್ರ ಒಮ್ಮೆ ಕಳಚಿತೆಂದರೆ ಕಳಚಿತು.

ಹೀಗಾಗಿ ಅವಳು ತನಿಖೆಗೆ ಬರುತ್ತಾಳೆಂದರೆ ಬೀದಿಗೆ ಬೀದಿಯೇ ಗಡಿಬಿಡಿಗೆ ಬೀಳುತ್ತಿತ್ತು. ಬೆಸೆದ ಪಾತ್ರೆಗಳನ್ನು ಇಳಿಸಿ ಹಾಸಿಗೆಯ ಮೇಲೆ ಮಲಗಿಸುವುದೇನು, ಕನ್ನಡಕ ಬಿಚ್ಚಿ ಕರವಸ್ತ್ರದಲ್ಲಿ ಸುತ್ತುವುದೇನು. ಎದುರು ಮನೆಯ ಮೇಷ್ಟ್ರು ತಮ್ಮ ಕಟ್ಟಿಸಿದ ಹಲ್ಲನ್ನೇ ತೆಗೆದು ಜೇಬಿಗೆ ಹಾಕಿಕೊಂಡು, ಅವಳು ತಿರುವು ದಾಟುವವರೆಗೂ ತುಟಿ ಬಿಗಿಹಿಡಿದು ತಲೆಯಾಡಿಸುತ್ತ ನಿಲ್ಲುತ್ತಿದ್ದರು. ಅದರಲ್ಲಿ ಅವಮಾನವೇನೂ ಇರಲಿಲ್ಲ, ರೂಢಿ ಅಷ್ಟೇ. ಅವಳೂ ಬೀದಿಯ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಜನಕ್ಕೆ ಪುರುಸೊತ್ತು ಕೊಟ್ಟು, ಆಮೇಲೆಯೇ ಬರುತ್ತಿದ್ದಳು.

ಈ ಸಂಜೆಯೂ ಹಾಗೇ ನಿಂತಿದ್ದಳು. ಇಡೀ ಬೀದಿಯಲ್ಲಿ ಜಾಗ ಬಿಟ್ಟು ಕದಲದೆ ಕೂತವರು ಬೆಸುಗೆ ತಾತ ಒಬ್ಬರೇ. ಇಷ್ಟು ವರ್ಷ ಊರಿನ ಒಡಕನ್ನೆಲ್ಲ ಮಂತ್ರದಿಂದ ಕೂಡಿಸಿ ಕೊಟ್ಟವರು, ಹಲಗೆ ತುಂಬ ಬೆಸೆದ ಸಾಮಾನು ಇಟ್ಟುಕೊಂಡವರು. ಎಲ್ಲರಿಗಿಂತ ಮೊದಲು ಎದ್ದು ಓಡಾಡಬೇಕಾದವರು ಅವರೇ.

"ಬಾ ತಾಯಿ, ಒಳಗೆ ಬಾ. ಕೂತ್ಕೋ," ಎಂದರು ತಾತ, ನೆಂಟರನ್ನು ಕರೆಯುವ ಹಾಗೆ.

ಕರೆದ ಮೇಲೆ ಅವಳ ಕಣ್ಣು ಹಲಗೆಯ ಮೇಲೆ ನೆಟ್ಟಿರುವುದನ್ನು ಕಂಡರು. ಅವರ ಮುಖದ ನಗು ನಿಧಾನವಾಗಿ ಇಳಿಯಿತು. ಪಾಪ, ಹೆದರುವ ಕಾರಣ ಇಲ್ಲದ ಮನುಷ್ಯ ಹೆದರಿದ ಹಾಗೆ ನಟಿಸುವುದನ್ನು ಮರೆತುಬಿಟ್ಟಿದ್ದರು.

ಬೆನ್ನ ಹಿಂದೆ ಬೀದಿಯಲ್ಲಿ, ಅವಳ ಜೊತೆ ಬಂದಿದ್ದ ಠಾಣೆಯ ದಫೇದಾರ ಕೆಮ್ಮಿದ. ಅವರಿಬ್ಬರ ಕೆಲಸದ ಕ್ರಮವೇ ಒಂದು ಬಗೆ. ಎಲ್ಲಿಗೆ ಹೋದರೂ ಮೊದಲ ನೋಟ ಅವನದು, ಎರಡನೆಯದು ಅವಳದು. ಅವನು ಒಳಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ನೋಡಿಕೊಂಡು ಬಂದು ಹೇಳುತ್ತಾನೆ. ಆಮೇಲೆ ಅವಳು ಹೋಗುತ್ತಾಳೆ. ಎರಡು ನೋಟಗಳ ನಡುವೆ ಏನು ಬದಲಾಯಿತೋ ಅದು ಮಂತ್ರ. ಗೋಡೆಯಲ್ಲಿ ಅಡಗಿಸಿದ ಬಾಗಿಲು, ಕಳ್ಳನೊಬ್ಬ ಹಾಕಿಕೊಂಡ ಬೇರೆಯವರ ಮುಖ, ಎಲ್ಲವೂ ಹೀಗೆಯೇ ಸಿಕ್ಕಿಬಿದ್ದಿದ್ದವು. ಇಲ್ಲಿ ಮಾತ್ರ ದೀಪವೊಂದು ಬಿಟ್ಟರೆ ಏನೂ ಬದಲಾಗಿರಲಿಲ್ಲ.

"ತಮ್ಮಾ, ನೀನು ಹೊರಗೇ ಇರು," ಎಂದಳು ತಣ್ಣೀರಕ್ಕ ತಿರುಗಿ ನೋಡದೆ. "ತಾತನ ಹತ್ರ ನಾನೊಬ್ಬಳೇ ಮಾತಾಡ್ತೀನಿ."

"ಬೇಗ ಮುಗಿಸಿ ಅಕ್ಕಾ. ಸಾಹೇಬ್ರು ಬಂಡೀಲೇ ಕೂತಿದ್ದಾರೆ." ದಫೇದಾರ ದನಿ ತಗ್ಗಿಸಿದ. "ನಾನು ಇಲ್ಲೇ ಕಿಟಕಿ ನೋಡ್ಕೊಂಡಿರ್ತೀನಿ. ನೀವು ಹಿಂಬಾಗಿಲಿಂದ ಹೊರಟ್ರೆ ದೀಪ ಹೊತ್ಕೊಳ್ಳುತ್ತೆ, ಆಗ ಒಳಗೆ ಬರ್ತೀನಿ."

ಅದೂ ಅವರ ಹಳೆಯ ಲೆಕ್ಕವೇ. ದೀಪ ಆರಿದ್ದರೆ ಅಕ್ಕ ಒಳಗಿದ್ದಾಳೆ, ಹೊತ್ತಿಕೊಂಡರೆ ಹೊರಟಳು. ದಫೇದಾರ ತುಂಬ ನಿಯತ್ತಿನ ಮನುಷ್ಯ. ಎಷ್ಟು ನಿಯತ್ತೆಂದರೆ ಸುಳ್ಳು ಹೇಳಲು ಹೊರಟರೆ ಅವನ ಎರಡು ಕಿವಿಯೂ ಕೆಂಪಗಾಗುತ್ತಿದ್ದವು. ಇದು ಠಾಣೆಗೆಲ್ಲ ಗೊತ್ತಿದ್ದ ಸಂಗತಿ. ಹೆಂಡತಿಯ ಅಡುಗೆ ರುಚಿಯಾಗಿದೆ ಎಂದು ಹೇಳಿ ಕಿವಿಯಿಂದ ಸಿಕ್ಕಿಬಿದ್ದು ಎರಡು ದಿನ ಠಾಣೆಯಲ್ಲೇ ಮಲಗಿದ್ದನಂತೆ.

ಬಂಡಿ ಬೀದಿಯ ಕೊನೆಯಲ್ಲಿ ನಿಂತಿತ್ತು. ಮಂತ್ರ ಆರಿಸುವವರನ್ನು ಕೂಡಿಡುವ ಹೊಳೆಯಾಚೆಯ ಬಿಡಾರದ ಬಂಡಿ. ಕೆಲವು ವಾರಗಳಿಂದ ಈ ಬೀದಿಯಲ್ಲಿ ತಾತನ ಬೆಸುಗೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತ ಬಂದು, ಕಡೆಗೆ ಹೆರಿಗೆ ಆಸ್ಪತ್ರೆಯ ಮೆಟ್ಟಿಲ ಪಕ್ಕ ಕೈ ಹಿಡಿಯುವ ಕಟಾಂಜನ ಕಳಚಿ ಒಬ್ಬ ದಾದಿ ಬಿದ್ದು ಕಾಲು ಮುರಿದುಕೊಂಡಿದ್ದಳು. ತಣ್ಣೀರಕ್ಕನಂಥ ಇನ್ನೊಬ್ಬರು ಇಲ್ಲೆಲ್ಲೋ ಅಡಗಿದ್ದಾರೆ ಎಂಬುದು ಸಾಹೇಬರ ತೀರ್ಮಾನ. ಅಡಗಿದವರನ್ನು ಹುಡುಕಿ ಇವತ್ತೇ ಬಂಡಿ ಹತ್ತಿಸಬೇಕೆಂದು ಅವರ ಕಟ್ಟಪ್ಪಣೆ. ಬಿಡಾರಕ್ಕೆ ಹೋದವರು ಮರಳಿ ಬರುವುದಿಲ್ಲ. ಠಾಣೆಗೆ ಬೇಕಾಗಿದ್ದಾಳೆಂಬ ಒಂದೇ ಕಾರಣಕ್ಕೆ ತಣ್ಣೀರಕ್ಕ ಮರಳಿ ಬಂದಿದ್ದಳು.

ಅವಳು ಬಾಗಿಲನ್ನು ಅರ್ಧ ಮುಚ್ಚಿ, ಹಲಗೆಯ ಬಳಿ ಹೋಗಿ ಹೂಜಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡಳು.

ಚಂದವೇನೂ ಇರಲಿಲ್ಲ ಬಿಡಿ. ತಾತನ ಮಂತ್ರದ ಬೆಸುಗೆಯಾಗಿದ್ದರೆ ಒಡೆದಿತ್ತು ಎಂಬುದೇ ತಿಳಿಯುತ್ತಿರಲಿಲ್ಲ. ಇದರಲ್ಲಿ ಚೂರು ಚೂರಿಗೂ ನಡುವೆ ಅಂಟು ಉಕ್ಕಿ ಗಟ್ಟಿಯಾಗಿತ್ತು. ಅಲ್ಲಲ್ಲಿ ಸಣ್ಣ ತೂತು ಕೊರೆದು ತಂತಿಯಿಂದ ಹೊಲಿಗೆ ಹಾಕಿದ್ದರು. ಒಂದು ಚೂರನ್ನಂತೂ ತಲೆಕೆಳಗಾಗಿ ಅಂಟಿಸಿ, ಆಮೇಲೆ ಗೊತ್ತಾಗಿ, ಹಾಗೇ ಬಿಟ್ಟಿದ್ದರು. ಕಲಿಯುವವರ ಕೈಕೆಲಸ. ಅವಳು ತಾತನ ಕೈ ನೋಡಿದಳು. ಬೆರಳುಗಳಿಗೆಲ್ಲ ಬಟ್ಟೆಯ ಚಿಂದಿ ಸುತ್ತಿಕೊಂಡಿದ್ದರು, ಹೆಬ್ಬೆರಳ ಉಗುರು ಕಪ್ಪಗಾಗಿತ್ತು.

"ಇದು ಮಂತ್ರ ಅಲ್ಲ ತಾತ."

ತಾತ ಎದ್ದು ನಿಂತರು. ಕೂತಲ್ಲೇ ಹೇಳುವ ಮಾತಲ್ಲವೆಂದೋ ಏನೋ, ಪಂಚೆ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಎರಡು ಕೈಯನ್ನೂ ಮುಂದೆ ಚಾಚಿದರು. ತನ್ನ ವಿದ್ಯೆ ಕೈಬಿಟ್ಟು ಹೋಯಿತೆಂದರು. ವಯಸ್ಸಾಯಿತು, ಬಾಯಿ ಮಂತ್ರ ಹೇಳುತ್ತದೆ, ಕೈಯಲ್ಲಿ ಏನೂ ಬರುವುದಿಲ್ಲ. ಹಳೆಯ ಬೆಸುಗೆಗಳೂ ಅದಕ್ಕೇ ಬಿಟ್ಟುಕೊಳ್ಳುತ್ತಿವೆ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ, ಹೊಟ್ಟೆಪಾಡಿಗೆ ಅಂಟು ತಂತಿ ಹಿಡಿದದ್ದು. ದಾದಿ ಬಿದ್ದದ್ದು ತನ್ನ ತಪ್ಪಿನಿಂದ. ಬೇರೆ ಯಾರೂ ಇಲ್ಲ, ಬಂಡಿಯೂ ಬೇಡ, ತನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಕೂಡಿಹಾಕಿದರೆ ಮುಗಿಯಿತು.

ಇಷ್ಟನ್ನೂ ಒಂದೇ ಉಸಿರಿಗೆ, ಕನ್ನಡಿಯ ಮುಂದೆ ಗಟ್ಟಿಮಾಡಿಕೊಂಡವರ ಹಾಗೆ ಹೇಳಿ ಮುಗಿಸಿದರು. ತಣ್ಣೀರಕ್ಕ ಇಷ್ಟು ವರ್ಷದ ಕೆಲಸದಲ್ಲಿ ತಪ್ಪೊಪ್ಪಿಕೊಳ್ಳಲು ಸತಾಯಿಸುವವರನ್ನು ಕಂಡಿದ್ದಳು. ಒಪ್ಪಿಕೊಳ್ಳಲು ಇಷ್ಟು ಅವಸರಪಡುವವರನ್ನು ಕಂಡಿರಲಿಲ್ಲ.

"ಕೂತ್ಕೊಳ್ಳಿ ತಾತ," ಎಂದಳು.

ಅಷ್ಟರಲ್ಲಿ ಒಳಬಾಗಿಲ ಪರದೆ ಸರಿಯಿತು. ತಾತನ ಸೊಸೆ, ದಿನ ತುಂಬುತ್ತ ಬಂದ ಬಸುರಿ, ಒಂದು ಲೋಟ ನೀರು ಹಿಡಿದುಕೊಂಡು ಬಂದಳು. ಗಂಡ ಹಡಗಿನ ಕೆಲಸದವನು, ಮಗು ಹುಟ್ಟುವ ಹೊತ್ತಿಗೆ ಬಂದು ಸೇರುವವನು. ಮನೆಯಲ್ಲಿ ಇರುವವರು ಇವಳು ಮತ್ತು ಮಾವ ಇಬ್ಬರೇ. ಅವಳು ಮೇಜಿನ ಈ ತುದಿಗೆ ಬರದೆ, ದೂರದಿಂದಲೇ ಕೈ ಚಾಚಿ ಲೋಟ ಇಟ್ಟಳು. ಆ ಕ್ಷಣ ಆರಿದ್ದ ದೀಪದ ಗಾಜಿನಲ್ಲಿ ಏನೋ ಮಿಂಚಿ ಮಾಯವಾಯಿತು.

ಕಿಟಕಿಯ ಬಿಸಿಲಿರಬೇಕು ಎಂದುಕೊಂಡಳು ತಣ್ಣೀರಕ್ಕ. ತಪ್ಪು ಅವಳದಲ್ಲ. ಮಂತ್ರದ ದೀಪ ಹತ್ತಿರದಿಂದ ಹೇಗಿರುತ್ತದೆಂದು ಕಂಡಿದ್ದರಲ್ಲವೇ, ಇದು ಬಿಸಿಲೋ ಅಲ್ಲವೋ ಎಂದು ಹೇಳುವುದು.

"ಒಳಗೆ ಹೋಗಮ್ಮ ನೀನು. ಹೋಗಿ ಮಲಕ್ಕೋ," ಎಂದರು ತಾತ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಸೊಸೆ ಹೋಗಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು. ಮಾವ ಕೈ ಚಾಚಿದ್ದನ್ನು ಪರದೆಯ ಹಿಂದಿನಿಂದ ನೋಡಿದ್ದಳೆಂದು ಕಾಣುತ್ತದೆ, ಕಣ್ಣು ಕೆಂಪಾಗಿತ್ತು.

ತಣ್ಣೀರಕ್ಕ ನೀರು ಕುಡಿದಳು. ಆಮೇಲೆ ಮನೆಮಂದಿಯ ಜೊತೆ ಹರಟುವವಳ ಹಾಗೆ, ಬೀದಿಯಲ್ಲಿ ದಫೇದಾರನ ಮೊದಲ ನೋಟಕ್ಕೆ ಸಿಕ್ಕಿದ್ದನ್ನು ಹೇಳತೊಡಗಿದಳು. ಚಹಾದಂಗಡಿಯಲ್ಲಿ ಮೇಲಿನ ಹಲಗೆಯ ಕಪ್ಪುಗಳು ನೆಟ್ಟಗಿವೆ, ಕಟ್ಟೆಯ ಮೇಲಿದ್ದ ಜಾಡಿ ಮಾತ್ರ ಎರಡು ಹೋಳಾಗಿದೆ. ದರ್ಜಿಯ ಮೇಜಿನ ಅಂಚು ಬಿಟ್ಟುಕೊಂಡಿದೆ, ಅವನ ತಲೆಯ ಮೇಲೆ ತೂಗುವ ಬೆಸೆದ ಕೊಕ್ಕೆಗೆ ಏನೂ ಆಗಿಲ್ಲ. ನೀರಿನ ಪಂಪಿನ ಹಿಡಿ, ಆಸ್ಪತ್ರೆಯ ಕಟಾಂಜನ, ಯಾವುದನ್ನು ತೆಗೆದುಕೊಂಡರೂ ಅಷ್ಟೇ ಎತ್ತರ.

"ನಿಮ್ಮ ವಿದ್ಯೆ ಹೋಗಿದ್ರೆ ಮೇಲಿಂದೂ ಬೀಳಬೇಕಿತ್ತು ತಾತ. ನನ್ನಂಥ ದೊಡ್ಡವರು ಹಾದುಹೋಗಿದ್ರೆ ಇಡೀ ಅಂಗಡಿಯೇ ಬೀಳ್ತಿತ್ತು. ಇದು ಸೊಂಟದ ಎತ್ತರದ್ದು ಮಾತ್ರ, ಅದೂ ಅಂಟಿಕೊಂಡ ಹಾಗೆ ಹಾದುಹೋದಾಗ ಮಾತ್ರ."

"ಚಿಕ್ಕ ಮಗು ಯಾವುದೋ ಇರಬೇಕು ಹಾಗಾದ್ರೆ," ಎಂದರು ತಾತ. ಹೇಳಿದ್ದು ಬಾಯಿಂದ ಜಾರಿತೆಂದು ತಕ್ಷಣ ತುಟಿ ಕಚ್ಚಿಕೊಂಡರು.

ಚಿಕ್ಕ ಮಗು ಎಂದೇ ಅವಳೂ ನಂಬಿದ್ದಳು. ಠಾಣೆಯವರು ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖದ ಮುಂದೆಯೂ ಮಂತ್ರದ ದೀಪ ಹಿಡಿದು ನೋಡಿದ್ದರು. ದೊಡ್ಡವರ ಮುಖದ ಮುಂದೆಯೂ ಹಿಡಿದಿದ್ದರು, ಈ ಸೊಸೆಯ ಮುಖದ ಮುಂದೆಯೂ. ಒಂದು ಸಲವೂ ದೀಪ ಅಳುಕಿರಲಿಲ್ಲ. ಮುಖದ ಮುಂದೆ ಹಿಡಿದರೆ ಹೇಗೆ ಅಳುಕೀತು?

ತಣ್ಣೀರಕ್ಕ ಮೇಜಿನ ಅಂಚನ್ನು ನೋಡಿದಳು. ಅದು ಸರಿಯಾಗಿ ಸೊಸೆಯ ತುಂಬಿದ ಹೊಟ್ಟೆಯ ಎತ್ತರಕ್ಕಿತ್ತು. ಅಂಚಿನ ಮರವನ್ನು ಬೆಸೆದಿರಲಿಲ್ಲ, ಮೊಳೆ ಹೊಡೆದಿದ್ದರು. ಮೊಳೆಗಳು ಹೊಸವು, ಎರಡು ಸೊಟ್ಟಗೆ ಹೋಗಿದ್ದವು.

ಅವಳು ಲೋಟವನ್ನು ಕೆಳಗಿಟ್ಟಳು.

"ಈ ಹೂಜಿ ಹೊರ್ತಿದ್ದವಳು ನೀನಾ ತಂಗಿ?" ಎಂದಳು ಮೆಲ್ಲಗೆ. "ಸೊಂಟದ ಮೇಲೆ ಇಟ್ಕೊಂಡು?"

ಸೊಸೆ ಮಾವನ ಕಡೆ ನೋಡಿದಳು. ತಾತ ತಲೆಯಲ್ಲಾಡಿಸಿ ಬೇಡವೆಂದರು, ಆಮೇಲೆ ಆ ಬೇಡವನ್ನೂ ಬಿಟ್ಟು ಕುರ್ಚಿಯಲ್ಲಿ ಕುಸಿದು ಕೂತರು.

ವಿಷಯ ಹೊರಬಿತ್ತು. ಮೊದಲ ಸಲ ಹೂಜಿ ಕಳಚಿದಾಗ ಮಾವ ತಮಾಷೆ ಮಾಡಿ ಬೆಸೆದುಕೊಟ್ಟರಂತೆ. ಮರುದಿನ ಮತ್ತೆ ಕಳಚಿತು. ಮತ್ತೆ ಬೆಸೆದರು, ಮತ್ತೆ ಕಳಚಿತು. ಆಗ ಮಾವ ಒಂದು ಸಣ್ಣ ದೀಪ ತಂದು, ಮಗಳೇ ಇದನ್ನು ಹೊಟ್ಟೆಯ ಹತ್ತಿರ ಹಿಡಿ ಎಂದರು. ದೀಪ ಆರಿತು. ದೂರ ಹಿಡಿದಳು, ಹೊತ್ತಿಕೊಂಡಿತು. ಮಾವ ಅಂದು ಊಟ ಮಾಡಲಿಲ್ಲ. ಬೆಳಗಾಗುವುದೇ ತಡ, ಎಲ್ಲಿಂದಲೋ ಅಂಟು, ತಂತಿ, ಸುತ್ತಿಗೆ ತಂದು ಅಂಗಡಿಯ ಬಾಗಿಲು ಹಾಕಿಕೊಂಡು ಕೂತರು.

"ಊರೆಲ್ಲ ನಗ್ತಿತ್ತು ಅಕ್ಕಾ, ತಾತನ ಕೈ ಕೆಟ್ಟುಹೋಯ್ತು ಅಂತ. ಇವರು ನಗಲಿ ಬಿಡು ಅಂದ್ರು. ಕೈ ಕೆಟ್ಟುಹೋಗಿದೆ ಅಂತಲೇ ಅಂದ್ಕೊಳ್ಳಲಿ, ಆಗ ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ ಅಂದ್ರು."

ಬೀದಿಯಲ್ಲಿ ಅವಳು ಓಡಾಡುವ ದಾರಿಯ ಸಾಮಾನುಗಳನ್ನೆಲ್ಲ ರಿಪೇರಿಯ ನೆಪದಲ್ಲಿ ತರಿಸಿಕೊಂಡು ತಾತ ಕೈಯಿಂದಲೇ ಕೂಡಿಸಿ ವಾಪಸು ಕಳಿಸುತ್ತಿದ್ದರು. ಎಲ್ಲವನ್ನೂ ಮುಗಿಸುವಷ್ಟರಲ್ಲಿ ಆಸ್ಪತ್ರೆಯ ಕಟಾಂಜನ ಉಳಿದುಹೋಯಿತು. ತಪಾಸಣೆಗೆ ಹೋದವಳನ್ನು ದಾದಿ ತೋಳು ಹಿಡಿದು ಇಳಿಸುತ್ತಿದ್ದಳು. ಕಟಾಂಜನ ಬಿಟ್ಟುಕೊಂಡಾಗ ದಾದಿ ಬಸುರಿಯನ್ನು ಗೋಡೆಯ ಕಡೆ ನೂಕಿ ತಾನು ಕೆಳಗೆ ಬಿದ್ದಳು.

ಈ ಭಾಗವನ್ನು ತಣ್ಣೀರಕ್ಕ ಕೇಳಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ದಾದಿಯನ್ನು ಎಷ್ಟು ಕೇಳಿದರೂ, ಕಾಲು ಜಾರಿತು ಅಷ್ಟೇ ಎಂದು ಗೋಡೆ ನೋಡುತ್ತ ಹೇಳಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟು ಮಂತ್ರ ಹೇಳಿ ಕೂಸಿನ ನಾಡಿ ಕೇಳುವವಳು ಅವಳು. ಕೈಯಿಟ್ಟಾಗೆಲ್ಲ ಮಂತ್ರ ನಿಂತುಹೋಗುತ್ತಿದ್ದದ್ದು ಅವಳಿಗೆ ತಿಳಿಯದೆ ಇರುತ್ತದೆಯೇ. ಮುರಿದ ಕಾಲಿನ ನೋವಿನಲ್ಲೂ ಬಾಯಿ ಬಿಟ್ಟಿರಲಿಲ್ಲ. ಒಂದು ಹುಟ್ಟದ ಮಗುವನ್ನು ಬಚ್ಚಿಡಲು ಎಷ್ಟು ಜನ ಸೇರಿಕೊಂಡಿದ್ದಾರಪ್ಪಾ ಎಂದುಕೊಂಡಳು ತಣ್ಣೀರಕ್ಕ. ತನ್ನನ್ನು ಬಚ್ಚಿಡಲು ಅಮ್ಮ ಒಬ್ಬಳೇ ಇದ್ದಳು, ಅವಳೊಬ್ಬಳಿಂದ ಆಗಲಿಲ್ಲ.

ತಾತ ಎದ್ದು ಒಳಗಿನ ಪರದೆ ಪೂರ್ತಿ ಸರಿಸಿದರು. ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿದ್ದ ಒಂದು ತೊಟ್ಟಿಲು. ಸೀರೆ ತೆಗೆದರು. ಒಂದು ಕಡೆಯೂ ಮಂತ್ರದ ಬೆಸುಗೆ ಇಲ್ಲ, ಎಲ್ಲ ಮರದ ಬೆಣೆ ಹೊಡೆದು ಕೂಡಿಸಿದ್ದು. ಒಂದು ಕಾಲು ಗಿಡ್ಡವಾಗಿ ತೊಟ್ಟಿಲು ತುಸು ವಾಲಿತ್ತು.

"ಮುಟ್ಟಿ ನೋಡು ತಾಯಿ," ಎಂದರು ತಾತ. "ನೀನು ಮುಟ್ಟಿದ್ರೂ ಬೀಳಬಾರದು. ಬೀಳದೆ ಇದ್ರೆ ಅದು ಮಲಗೋಕೆ ಗಟ್ಟಿ ಅಂತ."

ತಣ್ಣೀರಕ್ಕ ಎದ್ದುಹೋಗಿ ತೊಟ್ಟಿಲ ಅಂಚಿಗೆ ಕೈಯಿಟ್ಟು ಒತ್ತಿದಳು. ಕಿರ್ ಎಂದಿತು, ಬೀಳಲಿಲ್ಲ. ಅವಳು ಮತ್ತೊಮ್ಮೆ ಒತ್ತಿದಳು. ಅವಳ ಜನ್ಮದಲ್ಲಿ ಯಾರೂ ಅವಳಂಥವರು ಮುಟ್ಟಲೆಂದು ಏನನ್ನೂ ಮಾಡಿರಲಿಲ್ಲ. ಕಾಲು ಗಿಡ್ಡವಾಗಿದೆ ತಾತ, ಒಂದು ಚಕ್ಕೆ ಇಡಿ ಎಂದಳು.

ಸೊಸೆ ಕಣ್ಣು ಒರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಕ್ಕಾ, ಅಲ್ಲಿ ಬಿಡಾರದಲ್ಲಿ... ಅತ್ತರೆ ಯಾರು ಎತ್ಕೋತಾರೆ?"

ಸುಳ್ಳು ಹೇಳಬಹುದಿತ್ತು. ತಣ್ಣೀರಕ್ಕನ ಕಿವಿಗಳೇನೂ ಕೆಂಪಾಗುವ ಕಿವಿಗಳಲ್ಲ. ಆದರೂ ಹೇಳಲಾಗಲಿಲ್ಲ. "ಆಯಾಗಳು ಬರ್ತಾರೆ. ಒಳ್ಳೆಯವರೇ. ಊಟ ಹಾಕ್ತಾರೆ, ಬಟ್ಟೆ ಒಗೀತಾರೆ. ನಮ್ಮ ಹತ್ರ ಬಂದ್ರೆ ಅವರ ಮಂತ್ರ ಎಲ್ಲ ಆರುತ್ತಲ್ಲ, ಅದಕ್ಕೆ ಬೇಗ ಕೆಲಸ ಮುಗಿಸಿ ಹೊರಡ್ತಾರೆ. ಎತ್ಕೊಳ್ಳಲ್ಲ."

ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮನೆ, ನಡುವೆ ಹೊಲ. ತಣ್ಣೀರಿನವರು ಇಬ್ಬರು ಒಟ್ಟಿಗೆ ನಿಂತರೆ ಊರಿನ ದೀಪವೆಲ್ಲ ಆರಿಹೋಗುತ್ತದೆಂದು ಹೆದರಿಕೆ, ಅದಕ್ಕೇ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಅವಳನ್ನು ಕರೆದೊಯ್ದಾಗ ಅವಳಿಗೆ ಹಾಲುಹಲ್ಲು ಬೀಳುತ್ತಿತ್ತು. ಅಮ್ಮ ಸಂಜೆಹೊತ್ತು ಈಚೆ ದಡಕ್ಕೆ ಬಂದು ಮಂತ್ರದ ದೀಪ ಹಿಡಿದು ನಿಲ್ಲುತ್ತಿದ್ದಳು. ಹತ್ತಿರ ಬಂದರೆ ದೀಪ ಆರುತ್ತದೆ, ಮಗಳಿಗೆ ಕಾಣುವುದಿಲ್ಲ. ಅದಕ್ಕೆ ಆರದಷ್ಟು ದೂರದಲ್ಲೇ ನಿಂತು ಕೈಯಾಡಿಸುತ್ತಿದ್ದಳು. ಹೊಳೆಯಾಚೆಯ ಆ ಚುಕ್ಕೆಯಷ್ಟು ಬೆಳಕು ಬಿಟ್ಟರೆ ಮಂತ್ರವೆಂದರೆ ಏನೆಂದು ತಣ್ಣೀರಕ್ಕನಿಗೆ ಗೊತ್ತೇ ಇರಲಿಲ್ಲ.

"ತಾತ, ಕೇಳಿ," ಎಂದಳು. ಅವಳ ಮನಸ್ಸು ಗಟ್ಟಿಯಾಗಿತ್ತು. "ನಿಮಗೆ ವಯಸ್ಸಾಯ್ತು, ಕೈ ಕೆಟ್ಟಿದೆ, ಬೆಸುಗೆಗಳು ಅದಕ್ಕೇ ಬಿಟ್ಟುಕೊಂಡ್ವು. ನಾನು ಸಾಹೇಬ್ರಿಗೆ ಅಷ್ಟೇ ಹೇಳೋದು. ಅಂಗಡಿ ಮುಚ್ಚಿಸ್ತಾರೆ, ನಾಲ್ಕು ಜನ ಬೈತಾರೆ. ಆಗುತ್ತಾ?"

"ನನ್ನನ್ನ ಊರು ಬಿಟ್ಟು ಓಡಿಸಿದ್ರೂ ಆಗುತ್ತೆ ತಾಯಿ."

"ಮಗು ಹುಟ್ಟಿದ ಮೇಲೆ ಮಿಕ್ಕಿದ್ದು ನೋಡೋಣ. ಅಷ್ಟರಲ್ಲಿ ನಾನು ಏನಾದ್ರೂ ದಾರಿ ಹುಡುಕ್ತೀನಿ."

ದಾರಿ ಏನೆಂದು ಅವಳಿಗೂ ಹೊಳೆದಿರಲಿಲ್ಲ. ಅದನ್ನು ತಾತನೂ ಕೇಳಲಿಲ್ಲ. ಸೊಸೆ ಮಾತ್ರ ತಟ್ಟನೆ ಹೊಟ್ಟೆ ಹಿಡಿದುಕೊಂಡು, ನೋವಲ್ಲ ನೋವಲ್ಲ ಎಂದು ಮಾವನನ್ನು ಸಮಾಧಾನ ಮಾಡಿ, ಅಳುನಗೆಯಲ್ಲಿ ತಣ್ಣೀರಕ್ಕನ ಕಡೆ ತಿರುಗಿದಳು.

"ನಿಮ್ಮ ದನಿ ಕೇಳಿ ಒದೀತಿದೆ ಅಕ್ಕಾ. ಇಲ್ಲಿ, ಕೈ ಇಡಿ."

ತಣ್ಣೀರಕ್ಕ ಹಿಂದೆ ಸರಿದಳು. ಹತ್ತಿರ ಬಾ ಎಂದವರ ಬಳಿಗೆ ಹೋಗಿ ಅವಳಿಗೆ ರೂಢಿಯಿಲ್ಲ. ಸೊಸೆ ತಾನೇ ಎರಡು ಹೆಜ್ಜೆ ಮುಂದೆ ಬಂದು, ಅವಳ ಕೈ ಹಿಡಿದು, ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಂಗೈಗೆ ಒಂದು ಪುಟ್ಟ ಹಿಮ್ಮಡಿ ತಾಗಿತು.

ದೀಪ ಹೊತ್ತಿಕೊಂಡಿತು.

ಮೇಜಿನ ಮೇಲೆ, ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ. ಬತ್ತಿಯಿಲ್ಲ, ಎಣ್ಣೆಯಿಲ್ಲ, ಗಾಜಿನ ನಡುವೆ ಬೆಳಕು ಸುಮ್ಮನೆ ತಾನಾಗಿ ಕೂತಿತ್ತು. ತಣ್ಣೀರಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಇಬ್ಬರು ಸೇರಿದರೆ ಊರೇ ಕತ್ತಲಾಗುತ್ತದೆಂದು ಹೆದರಿದ್ದರು. ಅವಳ ತಂಪನ್ನು ಮಗುವಿನ ತಂಪು ಹಿಡಿದು ನಿಲ್ಲಿಸಿತ್ತು, ಅಷ್ಟೇ. ಮಂತ್ರವನ್ನು ಯಾರೂ ಆರಿಸುತ್ತಿರಲಿಲ್ಲ.

ಅವಳು ಬಾಗಿ ನೋಡಿದಳು. ಅಂಚಿನಲ್ಲಿ ತುಸು ನೀಲಿ ಇತ್ತು. ದೂರದಿಂದ ನೀಲಿ ಕಾಣುತ್ತಿರಲಿಲ್ಲ. ಅಮ್ಮ ಹಿಡಿದ ದೀಪದಲ್ಲೂ ಈ ನೀಲಿ ಇದ್ದಿರಬೇಕು, ಅಷ್ಟು ಸಂಜೆಗಳೂ. ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಹೋಗಲಿಲ್ಲ, ಕೈ ತೆಗೆದರೆ ಬೆಳಕು ಹೋಗುತ್ತದೆಂದು.

"ತಾಯಿ," ಎಂದರು ತಾತ. ಅವರು ದೀಪವನ್ನು ನೋಡುತ್ತಿರಲಿಲ್ಲ. ಕಿಟಕಿಯನ್ನು ನೋಡುತ್ತಿದ್ದರು. ಹೊರಗೆ ಸಂಜೆ ಕಪ್ಪಾಗಿತ್ತು, ಬೆಳಕು ಬೀದಿಯವರೆಗೂ ಬಿದ್ದಿತ್ತು.

ತಣ್ಣೀರಕ್ಕ ಕೈ ತೆಗೆಯುವುದೋ ಬಿಡುವುದೋ ಎಂದು ತೀರ್ಮಾನಿಸುವಷ್ಟರಲ್ಲಿ ಅರ್ಧ ತೆರೆದ ಬಾಗಿಲು ಪೂರ್ತಿ ತೆರೆಯಿತು. ಅಕ್ಕ ಹಿಂಬಾಗಿಲಿಂದ ಹೊರಟಳೆಂದು ತಿಳಿದು ದಫೇದಾರ ಒಳಗೆ ಬಂದಿದ್ದ. ಹೊಸ್ತಿಲ ಮೇಲೇ ನಿಂತುಬಿಟ್ಟ.

ಅವನು ದೀಪ ನೋಡಿದ. ಅಕ್ಕನನ್ನು ನೋಡಿದ. ಅಕ್ಕನ ಕೈ ಎಲ್ಲಿದೆಯೆಂದು ನೋಡಿದ, ಅವಳ ಒದ್ದೆ ಮುಖ ನೋಡಿದ, ಮೂಲೆಯ ತೊಟ್ಟಿಲು ನೋಡಿದ. ಇದ್ದದ್ದನ್ನು ಇದ್ದಹಾಗೆ ನೋಡುವುದೇ ಅವನ ಉದ್ಯೋಗ. ಇಷ್ಟು ವರ್ಷದಲ್ಲಿ ಅಕ್ಕನ ಪಕ್ಕದಲ್ಲಿ ದೀಪ ಉರಿದದ್ದನ್ನು ಅವನು ಕಂಡಿರಲಿಲ್ಲ. ತಣ್ಣೀರಕ್ಕ ಅವನ ಮುಖವನ್ನೇ ನೋಡುತ್ತ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು.

ಬೀದಿಯಲ್ಲಿ ಬಂಡಿ ಮುಂದಕ್ಕೆ ಉರುಳಿ ಬಂದು ಅಂಗಡಿಯೆದುರು ನಿಂತ ಸದ್ದಾಯಿತು.

"ಏನಯ್ಯಾ, ದೀಪ ಹತ್ತಿದೆ? ಒಳಗೆ ಏನು ಕಂಡಿತು?" ಸಾಹೇಬರ ದನಿ.

ದಫೇದಾರ ಗಂಟಲು ಸರಿಮಾಡಿಕೊಂಡು, ಬಾಗಿಲಿಗೆ ಅಡ್ಡವಾಗಿ ಬೀದಿಯ ಕಡೆ ತಿರುಗಿ ನಿಂತ.

"ಏನೂ ಇಲ್ಲ ಸಾಹೇಬ್ರೇ. ಅಕ್ಕ ಆಗಲೇ ಹೊರಟುಹೋದ್ರು. ಒಳಗೆ ಯಾರೂ ಇಲ್ಲ."

ಸಾಹೇಬರು ಬಂಡಿಯಿಂದ ಇಳಿದು ಅವನ ಮುಂದೆಯೇ ಬಂದು ನಿಂತರು. ಒಳಗಿನ ದೀಪದ ಬೆಳಕು ದಫೇದಾರನ ಎರಡು ಕಿವಿಗಳ ಮೇಲೆ ನೇರವಾಗಿ ಬೀಳುತ್ತಿತ್ತು, ಅವು ಕೆಂಪಗಾಗಿದ್ದವು.